ಕೇಸರಿ ಎಂದರೆ ಎಷ್ಟು ಕೇಸರಿ?

ಕರೋಶಿ ಚಿಕ್ಕೋಡಿ ತಾಲ್ಲೂಕಿನ ಹಳ್ಳಿ. ಮಹಾರಾಷ್ಟ್ರದ ಗಡಿ ಇಲ್ಲಿಂದ ಬಹಳ ದೂರವಿಲ್ಲ. ಕನ್ನಡದ ಜೊತೆಗೆ ಮರಾಠಿ ಬೆರೆಯುವುದು ಈ ಸೀಮೆಯ ಮಾತಿನ ಗುಣ. ಬಣ್ಣಗಳ ಹೆಸರಿನಲ್ಲಂತೂ ಈ ಬೆರಕೆ ಎದ್ದು ಕಾಣುತ್ತದೆ. ಒಂದೇ ಸೀರೆಯನ್ನು ಅತ್ತೆ ಬದನೀಕಾಯಿ ಬಣ್ಣದ್ದು ಎನ್ನುತ್ತಾಳೆ, ಸೊಸೆ ಜಾಂಬಳಿ ಎನ್ನುತ್ತಾಳೆ. ಗಿಣಿ ಹಸಿರು, ಕುಸುಬಿ, ನವಿಲುಗರಿ, ಅರಿಷಿಣ, ರಾಣಿ ಕಲರ್ ಹೀಗೆ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಬಣ್ಣ ಸಿಕ್ಕಿತೆಂದಲ್ಲ. ಹೆಸರನ್ನಷ್ಟೇ ನಂಬಿ ಪೇಟೆಯಿಂದ ಜಂಪರದ ಬಟ್ಟೆ ತರಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಅದಕ್ಕೇ ಚಿಕ್ಕೋಡಿ, ನಿಪ್ಪಾಣಿಯಂಥ ಪೇಟೆಗಳಲ್ಲಿ 'ಮ್ಯಾಚಿಂಗ್ ಸೆಂಟರ್' ಎಂಬ ಅಂಗಡಿಗಳಿವೆ. ಗೋಡೆಯ ಕಪಾಟುಗಳಲ್ಲಿ ಕೆಳಗಿನಿಂದ ಮೇಲಿನವರೆಗೆ ಜಂಪರದ ಬಟ್ಟೆಗಳೇ. ಕೆಂಪು ಒಂದರಲ್ಲೇ ಹತ್ತಾರು ತರ. ಸೀರೆಯ ಸೆರಗನ್ನು ಒಂದೊಂದು ಬಟ್ಟೆಗೂ ಹಚ್ಚಿ ನೋಡಬೇಕು. ಅನುಭವಸ್ಥ ವ್ಯಾಪಾರಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಮಾತು ಮುಗಿಸುವುದಿಲ್ಲ. 'ಹೊರಗ ಬೆಳಕಿನ್ಯಾಗ ನೋಡ್ರಿ ಅವ್ವಾರ' ಎಂದು ಎರಡನ್ನೂ ಬಾಗಿಲ ಬಳಿಗೆ ತರುತ್ತಾನೆ. ಒಳಗೆ ಒಂದೇ ಆಗಿ ಕಂಡ ಸೀರೆ ಮತ್ತು ಜಂಪರ ಬಾಗಿಲಿಗೆ ಬಂದೊಡನೆ ಬೇರೆ ಬೇರೆಯಾಗಿಬಿಡುವುದುಂಟು.

ಇದು ಕಣ್ಣಿನ ತಪ್ಪಲ್ಲ, ಬೆಳಕಿನ ಆಟ. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಹಿಂದಿರುಗಿದ್ದು ನಮ್ಮ ಪಾಲಿನ ಬಣ್ಣ. ಎರಡು ಬೇರೆ ಬೇರೆ ರಾಸಾಯನಿಕಗಳಿಂದ ಬಣ್ಣ ಹಾಕಿದ ಬಟ್ಟೆಗಳು ಒಂದು ದೀಪದಡಿ ಒಂದೇ ಆಗಿ ಕಂಡು, ಇನ್ನೊಂದು ದೀಪದಡಿ ಬೇರೆಯಾಗಬಹುದು. ಬಣ್ಣದ ಶಾಸ್ತ್ರಜ್ಞರು ಇದಕ್ಕೆ ಮೆಟಾಮೆರಿಸಂ ಎಂದು ಹೆಸರಿಟ್ಟಿದ್ದಾರೆ. ಹೆಸರು ಗೊತ್ತಿಲ್ಲದೆಯೂ ಜವಳಿ ಅಂಗಡಿಯವರು ಅದರ ಉಪಾಯ ಕಂಡುಕೊಂಡಿದ್ದಾರೆ.

ಜಂಪರದ ವಿಷಯದಲ್ಲಿ ಹೆಚ್ಚುಕಡಿಮೆಯಾದರೆ ಮನೆಯಲ್ಲಿ ಒಂದೆರಡು ಮಾತು ಕೇಳಬೇಕಾದೀತು, ಅಷ್ಟೆ. ಆದರೆ ಕರೋಶಿಗೆ ವರ್ಷಕ್ಕೆರಡು ಸಲವಾದರೂ ಬೇಕಾಗುವ ಇನ್ನೊಂದು ಬಟ್ಟೆ ಇದೆ. ಅದರಲ್ಲಿ ಹೆಚ್ಚುಕಡಿಮೆ ಆಗುವಂತಿಲ್ಲ. ಅದು ಆಗಸ್ಟ್ 15ಕ್ಕೆ ಮತ್ತು ಜನವರಿ 26ಕ್ಕೆ ಊರ ಶಾಲೆಯ ಕಂಬದ ಮೇಲೆ ಏರುವ ರಾಷ್ಟ್ರಧ್ವಜ. ಕರೋಶಿಯ ಕೇಸರಿ, ಕನ್ಯಾಕುಮಾರಿಯ ಕೇಸರಿ, ದಿಲ್ಲಿಯ ಸಂಸತ್ ಭವನದ ಮೇಲಿನ ಕೇಸರಿ ಮೂರೂ ಒಂದೇ ಆಗಿರಬೇಕು. ಹಾಗಾದರೆ ಆ ಕೇಸರಿ ಯಾವುದು? ಮುತ್ತುಗದ ಹೂವಿನದೇ, ಮಠದ ಸ್ವಾಮಿಗಳ ಕಾವಿಯದೇ, ಪಂಢರಪುರಕ್ಕೆ ಹೊರಟ ದಿಂಡಿಯ ಪತಾಕೆಯದೇ, ಹಾಲಿನಲ್ಲಿ ನೆನೆದ ಕೇಸರಿ ದಳದ್ದೇ?

ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿರುವುದು ದಿಲ್ಲಿಯಲ್ಲಿ. ಆ ಉತ್ತರವನ್ನು ಬಟ್ಟೆಯ ಮೇಲೆ ಮೂಡಿಸುತ್ತ ಬಂದವರು ಮಾತ್ರ ಕರೋಶಿಯಿಂದ ದಕ್ಷಿಣಕ್ಕೆ, ಧಾರವಾಡ-ಹುಬ್ಬಳ್ಳಿಯ ಸೀಮೆಯಲ್ಲಿದ್ದಾರೆ.

ಮಾತು ಅಂಕಿಯಾದದ್ದು

1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ ಠರಾವಿನಲ್ಲಿದ್ದದ್ದು ಬರೀ ಮಾತು. ಗಾಢ ಕೇಸರಿ, ಬಿಳಿ, ಗಾಢ ಹಸಿರು ಸಮ ಅಳತೆಯಲ್ಲಿರಬೇಕು, ನಡುವೆ ಕಡುನೀಲಿಯ ಚಕ್ರವಿರಬೇಕು ಎಂದಿತ್ತು. ಗಾಢ ಎಂದರೆ ಎಷ್ಟು ಗಾಢ? ಬಣ್ಣ ಹಾಕುವವನಿಗೆ ಇಷ್ಟರಿಂದ ಕೆಲಸ ನಡೆಯುವುದಿಲ್ಲ. ಒಂದು ಊರಿನ ಗಾಢ ಇನ್ನೊಂದು ಊರಿನಲ್ಲಿ ತಿಳಿ ಎನಿಸಿಕೊಳ್ಳಬಹುದು.

ಅದೇ ವರ್ಷ ಭಾರತೀಯ ಮಾನಕ ಸಂಸ್ಥೆಯೂ ಹುಟ್ಟಿತ್ತು. ಸಿಮೆಂಟಿನಿಂದ ಹಿಡಿದು ಕುಕ್ಕರಿನವರೆಗೆ ಐಎಸ್‌ಐ ಗುರುತು ಕೊಡುತ್ತ ಮನೆಮಾತಾದ ಸಂಸ್ಥೆ ಅದು. 1987ರಿಂದ ಭಾರತೀಯ ಮಾನಕ ಬ್ಯೂರೋ ಎನಿಸಿಕೊಂಡಿದೆ. ಅದು ಹೊರಡಿಸಿರುವ ಸಾವಿರಾರು ಮಾನಕಗಳಲ್ಲಿ ಐಎಸ್-1 ಎಂಬ ಮೊದಲ ಸಂಖ್ಯೆ ಸಂದಿರುವುದು ರಾಷ್ಟ್ರಧ್ವಜಕ್ಕೆ. 1951ರಲ್ಲಿ ಪ್ರಕಟವಾದ ಈ ಮಾನಕವನ್ನು ಮೆಟ್ರಿಕ್ ಅಳತೆ ಬಂದ ಮೇಲೆ 1964ರಲ್ಲಿ ಪರಿಷ್ಕರಿಸಿದರು, 1968ರಲ್ಲಿ ಮತ್ತೆ ತಿದ್ದಿದರು. ಬಟ್ಟೆ, ದಾರ, ಹೊಲಿಗೆ, ಅಳತೆ ಎಲ್ಲದಕ್ಕೂ ಅದರಲ್ಲಿ ನಿಯಮವಿದೆ. ಬಣ್ಣಕ್ಕಂತೂ ಹೆಸರಿನ ಜೊತೆಗೆ ಅಂಕಿಗಳೇ ಇವೆ.

ಬಣ್ಣಕ್ಕೆ ಅಂಕಿ ಹಚ್ಚುವ ಹವ್ಯಾಸ ಹೊರದೇಶಗಳಲ್ಲಿ ಮೊದಲೇ ಶುರುವಾಗಿತ್ತು. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ ಪ್ರತಿಯೊಂದು ಬಣ್ಣವನ್ನೂ ಅದರ ಜಾತಿ, ಬೆಳಕು, ಗಾಢತೆ ಎಂಬ ಮೂರು ಗುಣಗಳಿಂದ ಗುರುತಿಸಬಹುದೆಂದು 1905ರಲ್ಲಿ ಪುಸ್ತಕ ಬರೆದ. ಬಣ್ಣದ ಚೀಟಿಗಳನ್ನು ಆ ಕ್ರಮದಲ್ಲಿ ಜೋಡಿಸಿದ ಅವನ ಸಂಪುಟವನ್ನು ಮಣ್ಣಿನ ವಿಜ್ಞಾನಿಗಳು ಮಣ್ಣಿನ ಬಣ್ಣ ಹೇಳಲು ಈಗಲೂ ಬಳಸುತ್ತಾರೆ. ಮುಂದೆ 1963ರಲ್ಲಿ ಬಂದ ಪ್ಯಾಂಟೋನ್ ಎಂಬ ಬೀಸಣಿಗೆಯಂಥ ಬಣ್ಣದ ಪಟ್ಟಿ ಮೊದಲು ಮುದ್ರಣಾಲಯಗಳಲ್ಲಿ, ಆಮೇಲೆ ಜವಳಿ ಉದ್ಯಮದಲ್ಲಿ ಮನೆಮಾಡಿಕೊಂಡಿತು. ಎಲ್ಲೋ ಕುಳಿತ ಗಿರಾಕಿ ಒಂದು ಸಂಖ್ಯೆ ಬರೆದು ಕಳಿಸಿದರೆ ತಿರುಪ್ಪೂರಿನ ಬಣ್ಣದ ಮನೆಯವರಿಗೆ ಅವನ ಮನಸ್ಸಿನಲ್ಲಿರುವ ನೀಲಿ ಯಾವುದೆಂದು ಗೊತ್ತಾಗಬೇಕು. ಅದು ಇಂಥ ಪಟ್ಟಿಗಳ ಉಪಯೋಗ.

ಆದರೆ ಚೀಟಿಯೂ ಮಾಸುತ್ತದೆ. ಮಾಸದ ಪ್ರಮಾಣ ಬೇಕೆಂದರೆ ಬೆಳಕನ್ನೇ ಅಳೆಯಬೇಕು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರ ದಶಕದಲ್ಲಿ ಬೇರೆ ಬೇರೆಯಾಗಿ ಒಟ್ಟು 17 ಜನರನ್ನು ಕೂರಿಸಿ, ಕೆಂಪು-ಹಸಿರು-ನೀಲಿ ದೀಪಗಳನ್ನು ಬೆರೆಸಿ, ಎದುರಿಗಿರುವ ಬಣ್ಣಕ್ಕೆ ಹೊಂದಿಸಿರೆಂದು ಹೇಳಿದರು. ಮ್ಯಾಚಿಂಗ್ ಸೆಂಟರಿನ ಕೆಲಸವೇ. ಬಟ್ಟೆಯ ಬದಲು ದೀಪಗಳು. ಆ 17 ಜನರ ಕಣ್ಣುಗಳ ಸರಾಸರಿಯಿಂದ 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಒಂದು 'ಪ್ರಮಾಣ ನೋಟಗಾರ'ನನ್ನು ಸೃಷ್ಟಿಸಿತು. ಊಟ, ನಿದ್ದೆ, ವಯಸ್ಸು ಯಾವುದೂ ಇಲ್ಲದ, ಎಂದೂ ಆಯಾಸಗೊಳ್ಳದ ಕಣ್ಣು ಅದು. ನಮ್ಮ ಧ್ವಜದ ಬಣ್ಣಗಳನ್ನು ಗೊತ್ತುಮಾಡಿರುವುದೂ ಆ ಕಣ್ಣಿನ ಲೆಕ್ಕದಲ್ಲೇ. ದಾಸ್ಯ ಕಳೆದ ಗುರುತಾದ ಬಾವುಟದ ಕೇಸರಿಯನ್ನು ಅಳೆಯುವುದು 17 ಜನ ಬ್ರಿಟನ್ ನಿವಾಸಿಗಳ ಕಣ್ಣಿನಿಂದ ಎಂದರೆ ಸೋಜಿಗವೆನಿಸಬಹುದು. ಆದರೆ ಗಜಕ್ಕೆ ಜಾತಿಯಿಲ್ಲವಷ್ಟೆ.

ಮಾನಕದಲ್ಲಿ ಕೇಸರಿಗೆ ಕೊಟ್ಟಿರುವ ಅಂಕಿಗಳು 0.538, 0.360, 0.102. ಹಸಿರಿಗೆ 0.288, 0.395, 0.317. ಬಿಳಿಗೆ 0.313, 0.319, 0.368. ಮೂರಂಕಿಗಳನ್ನು ಕೂಡಿ ನೋಡಿ, ಪ್ರತಿ ಸಲವೂ ಸರಿಯಾಗಿ ಒಂದು ಬರುತ್ತದೆ. ಬಣ್ಣದಲ್ಲಿ ಕೆಂಪಿನ ಕಡೆಗಿನ ಪಾಲೆಷ್ಟು, ಹಸಿರಿನ ಕಡೆಗಿನದೆಷ್ಟು, ನೀಲಿಯ ಕಡೆಗಿನದೆಷ್ಟು ಎಂಬ ಹಂಚಿಕೆ ಇದು ಎಂದು ಸ್ಥೂಲವಾಗಿ ತಿಳಿಯಬಹುದು. ಕೇಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೆಂಪಿನ ಕಡೆಗೇ ಇದೆ.

ಇದರ ಜೊತೆಗೆ ಹೊಳಪಿನ ಒಂದು ಅಂಕಿ ಉಂಟು: ಬಿಳಿಗೆ 72.6, ಕೇಸರಿಗೆ 21.5, ಹಸಿರಿಗೆ 8.9. ಬಿದ್ದ ಬೆಳಕನ್ನು ನೂರು ಎಂದುಕೊಂಡರೆ ಬಿಳಿ ಪಟ್ಟಿ ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಹಿಂದಿರುಗಿಸುತ್ತದೆ, ಕೇಸರಿ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಹಸಿರು ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಠರಾವಿನಲ್ಲಿದ್ದ 'ಗಾಢ' ಎಂಬ ಮಾತು ಹೀಗೆ ಅಂಕಿಯಾಯಿತು. ನಿಜವಾದ ಧ್ವಜದ ಕೇಸರಿ ಕಿತ್ತಳೆ ಹಣ್ಣಿನಂತೆ ತಿಳಿಯಲ್ಲ, ಕೆಂಪಿನ ಕಡೆಗೆ ವಾಲಿದ ಗಾಢ ಬಣ್ಣ. ಫೋನಿನ ಪರದೆಯ ಮೇಲೆ, ಪ್ಲಾಸ್ಟಿಕ್ ಬಾವುಟಗಳ ಮೇಲೆ ಕಾಣುವ ಹಳದಿ ಮಿಶ್ರಿತ ಕೇಸರಿಗೂ ಇದಕ್ಕೂ ಬಹಳ ಅಂತರವಿದೆ.

ಯಾವ ಬೆಳಕಿನಲ್ಲಿ ಅಳೆಯಬೇಕೆಂಬುದನ್ನೂ ಮಾನಕ ಹೇಳಿದೆ. 'ಸಿ' ಎಂದು ಹೆಸರಿಟ್ಟ, ಹಗಲಿನ ಬೆಳಕನ್ನು ಹೋಲುವ ಪ್ರಮಾಣ ಬೆಳಕು ಅದು. ಅಂದರೆ ನಿಪ್ಪಾಣಿಯ ವ್ಯಾಪಾರಿ ಸೀರೆಯನ್ನು ಬಾಗಿಲಿಗೆ ತಂದದ್ದೇ ಶಾಸ್ತ್ರ!

ಹತ್ತಿಯ ಹಾದಿ

ಕರೋಶಿಯಿಂದ ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಬ್ಬಿನ ಗದ್ದೆಗಳ ನಡುವೆ ಹಾದು, ಹಿರಣ್ಯಕೇಶಿಯ ದಡದ ಸಂಕೇಶ್ವರದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದರೆ ಮುಂದೆ ಬೆಳಗಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಡೆದದ್ದು ಇಲ್ಲಿಯೇ. ಬೆಳಗಾವಿ ಹತ್ತಿರದ ಹುದಲಿ ಗಂಗಾಧರರಾವ್ ದೇಶಪಾಂಡೆಯವರ ಊರು, ಖಾದಿಗೆ ಹೆಸರಾದದ್ದು. 1937ರಲ್ಲಿ ಗಾಂಧೀಜಿ ಆ ಹಳ್ಳಿಗೂ ಬಂದು ತಂಗಿದ್ದರು. ಬೆಳಗಾವಿ ದಾಟಿದರೆ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಸೇತುವೆ, ಆಮೇಲೆ ಚನ್ನಮ್ಮನ ಕಿತ್ತೂರು. ಧಾರವಾಡ ಮುಟ್ಟುವ ಮೊದಲೇ ಹೆದ್ದಾರಿ ಬಿಟ್ಟು ಒಳಗೆ ಹೊರಳಿದರೆ ಗರಗ.

ಗರಗ ಎಂದೊಡನೆ ಭಕ್ತರ ಕಣ್ಣಿಗೆ ಬರುವುದು ಮಡಿವಾಳೇಶ್ವರರ ಮಠ. ಖಾದಿ ಬಲ್ಲವರಿಗೆ ಈ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಇಲ್ಲಿಯ ಕ್ಷೇತ್ರೀಯ ಸೇವಾ ಸಂಘ ದಶಕಗಳಿಂದ ರಾಷ್ಟ್ರಧ್ವಜದ ಬಟ್ಟೆ ನೇಯಿಸುತ್ತ ಬಂದಿದೆ. ಕೈಯಿಂದ ನೂತ ನೂಲು, ಕೈಮಗ್ಗದ ನೇಯ್ಗೆ. ಈ ಕೆಲಸದಲ್ಲಿ ಹೆಂಗಸರ ಪಾಲೇ ದೊಡ್ಡದು. ಧ್ವಜದ ಮೈಗೆ ಬೇಕಾದದ್ದು ಒಂದು ಬಗೆಯ ಬಟ್ಟೆ. ಹಗ್ಗ ಪೋಣಿಸಲು ಕಂಬದ ಕಡೆ ಹೊಲಿಯುವ ಗಟ್ಟಿ ಪಟ್ಟಿಗೆ ಬೇರೊಂದು. ಈ ಎರಡನೆಯದರ ನೇಯ್ಗೆ ಬಲ್ಲವರು ದೇಶದಲ್ಲಿ ಬಹಳ ಮಂದಿಯಿಲ್ಲ.

ಬಣ್ಣದ ಮಾತಿನಲ್ಲಿ ನೂಲಿಗೇನು ಕೆಲಸ ಎನ್ನುವಿರಾ? ಬಹಳ ಇದೆ. ಗಿರಣಿಯ ನೂಲು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಕೈನೂಲಿನಲ್ಲಿ ಒಂದು ಕಡೆ ಹುರಿ ಬಿಗಿ, ಇನ್ನೊಂದು ಕಡೆ ಸಡಿಲ. ಸಡಿಲವಾದದ್ದು ಬಣ್ಣವನ್ನು ಹೆಚ್ಚು ಹೀರುತ್ತದೆ, ಬಿಗಿಯಾದದ್ದು ಕಡಿಮೆ. ನೂಲುವ ಕೈ ಬೆಳಿಗ್ಗೆ ಒಂದು ತರ, ಸಂಜೆ ದಣಿದಾಗ ಒಂದು ತರ ಆಡಿದರೆ ಅದೆಲ್ಲವೂ ಮುಂದೆ ಬಣ್ಣದ ತೊಟ್ಟಿಯಲ್ಲಿ ಬಯಲಾಗುತ್ತದೆ. ಹೀಗಾಗಿ 0.538 ಎಂಬ ಅಂಕಿಯನ್ನು ಕಾಯುವ ಕೆಲಸ ಶುರುವಾಗುವುದು ಬಣ್ಣದ ಮನೆಯಲ್ಲಲ್ಲ, ರಾಟೆಯ ಮುಂದೆ.

ಬೆಂಗೇರಿಯಲ್ಲಿ

ಗರಗದ ಬಿಳಿ ಬಟ್ಟೆ ಒಂದು ಕಾಲಕ್ಕೆ ಬಣ್ಣ ಹಾಕಿಸಿಕೊಳ್ಳಲು ಮುಂಬಯಿಗೆ ಹೋಗುತ್ತಿತ್ತು. ಆ ಕೆಲಸ ಕನ್ನಡ ನಾಡಿಗೆ ಬಂದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಿಂದ. 1957ರ ನವೆಂಬರ್ 1ರಂದು ಗಾಂಧಿವಾದಿಗಳು ಕೂಡಿ ಕಟ್ಟಿದ ಸಂಘವಿದು. ವೆಂಕಟೇಶ ಮಾಗಡಿ ಅದರ ಮೊದಲ ಅಧ್ಯಕ್ಷರು. 2004ರಲ್ಲಿ ಧ್ವಜ ತಯಾರಿಕೆ ಆರಂಭಿಸಿ, 2006ರ ಹೊತ್ತಿಗೆ ಮಾನಕ ಬ್ಯೂರೋದ ಮನ್ನಣೆ ಪಡೆಯಿತು. ಮಾನಕಕ್ಕೆ ಹೊಂದುವ ಖಾದಿ ಧ್ವಜ ಬೇಕೆಂದರೆ ಬಹುಕಾಲ ಇಡೀ ದೇಶ ಬೆಂಗೇರಿಯ ಕಡೆಗೇ ನೋಡಬೇಕಿತ್ತು. ಇಲ್ಲಿಗೆ ಬಾಗಲಕೋಟೆ ಜಿಲ್ಲೆಯಿಂದ, ಹನುಮಪ್ಪನ ಜಾತ್ರೆಗೆ ಹೆಸರಾದ ತುಳಸಿಗೇರಿಯಿಂದ ಬಟ್ಟೆ ಬರುತ್ತದೆ.

ಬಂದ ಬಟ್ಟೆ ಮೂರು ಪಾಲಾಗುತ್ತದೆ. ಒಂದು ಪಾಲು ಕೇಸರಿಗೆ, ಒಂದು ಹಸಿರಿಗೆ. ಮೂರನೆಯದನ್ನು ಬೆಳ್ಳಗೆ ಮಾಡಬೇಕು. ಬಿಳಿಯೆಂದರೆ ಬಣ್ಣ ಹಾಕದೆ ಬಿಟ್ಟದ್ದಲ್ಲ; ಹತ್ತಿಯ ಸಹಜ ಬಣ್ಣ ತುಸು ಹಳದಿ. ಅದನ್ನು ತೆಗೆದ ಮೇಲೆ ಬಿಳಿ. ಬಿಳಿ ಪಟ್ಟಿಯ ಮೇಲೆ 24 ಅರಗಳ ಚಕ್ರವನ್ನು ಎರಡೂ ಮಗ್ಗುಲಿಗೆ ಅಚ್ಚು ಹಾಕುತ್ತಾರೆ. ಒಂದು ಮಗ್ಗುಲಿನ ಅರದ ಮೇಲೆ ಇನ್ನೊಂದು ಮಗ್ಗುಲಿನ ಅರ ಸರಿಯಾಗಿ ಕೂಡಬೇಕು. ಕೂದಲೆಳೆಯಷ್ಟು ಜರುಗಿದರೂ ಬೆಳಕಿಗೆ ಹಿಡಿದಾಗ ಜೋಡಿ ಚಕ್ರ ಕಾಣುತ್ತದೆ. ಆಮೇಲೆ ಮೂರೂ ಪಟ್ಟಿಗಳ ಹೊಲಿಗೆ, ಹಗ್ಗ, ಮರದ ಗುಬಟೆ. 6300 ಮಿಲಿಮೀಟರ್ ಉದ್ದದ ದೊಡ್ಡ ಧ್ವಜದಿಂದ ಹಿಡಿದು ಮೇಜಿನ ಮೇಲಿಡುವ 150 ಮಿಲಿಮೀಟರಿನ ಪುಟ್ಟ ಧ್ವಜದವರೆಗೆ ಒಂಬತ್ತು ಅಳತೆಗಳಿವೆ. ಉದ್ದ ಅಗಲಗಳ ಪ್ರಮಾಣ ಎಲ್ಲದರಲ್ಲೂ ಮೂರಕ್ಕೆ ಎರಡು.

ಬಣ್ಣ ಹಾಕುವವರಿಗೆ ಎದುರಾಗುವ ತೊಡಕುಗಳು ಹಲವು. ತೊಯ್ದ ಬಟ್ಟೆ ಯಾವಾಗಲೂ ಗಾಢವಾಗಿ ಕಾಣುತ್ತದೆ. ತೊಟ್ಟಿಯಿಂದ ತೆಗೆದಾಗ ಸರಿ ಎನಿಸಿದ್ದು ಒಣಗಿದ ಮೇಲೆ ತೆಳುವಾಗಿರುತ್ತದೆ. ಆದ್ದರಿಂದ ಸಣ್ಣ ತುಂಡಿಗೆ ಮೊದಲು ಬಣ್ಣ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಪ್ರಮಾಣದ ಜೊತೆ ಹಿಡಿದು ನೋಡುವುದು ಬಣ್ಣದ ಮನೆಗಳಲ್ಲೆಲ್ಲ ರೂಢಿ. ನೀರು ಬದಲಾದರೆ, ಬಿಸಿ ಬದಲಾದರೆ, ಬಣ್ಣದ ಪುಡಿಯ ಡಬ್ಬಿ ಬದಲಾದರೆ ಲೆಕ್ಕವೂ ಬದಲು. ನಿನ್ನೆಯ ಕೇಸರಿಯೂ ಇಂದಿನ ಕೇಸರಿಯೂ ಒಂಟಿಯಾಗಿ ನೋಡಿದರೆ ಒಂದೇ. ಎರಡು ಧ್ವಜಗಳನ್ನು ಪಕ್ಕಪಕ್ಕದಲ್ಲಿ ಹಿಡಿದಾಗ ಗುಟ್ಟು ರಟ್ಟಾಗುತ್ತದೆ.

ಕಣ್ಣು ಒಪ್ಪುವ ವ್ಯತ್ಯಾಸ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಕೊಡಾಕ್ ಕಂಪೆನಿಯ ವಿಜ್ಞಾನಿ ಡೇವಿಡ್ ಮ್ಯಾಕ್‌ಆಡಮ್ 1942ರಲ್ಲಿ ಒಂದು ವಿಚಿತ್ರವನ್ನು ತೋರಿಸಿದ. ಎಲ್ಲ ಬಣ್ಣಗಳಲ್ಲೂ ಕಣ್ಣು ಒಂದೇ ಸಮ ಚುರುಕಾಗಿಲ್ಲ. ಅಂಕಿಯಲ್ಲಿ ಅಷ್ಟೇ ವ್ಯತ್ಯಾಸವಿದ್ದರೂ ಒಂದೆಡೆ ಕಣ್ಣು ತಟ್ಟನೆ ಹಿಡಿಯುತ್ತದೆ, ಇನ್ನೊಂದೆಡೆ ಗಮನಿಸುವುದೇ ಇಲ್ಲ. ಜವಳಿ ಉದ್ಯಮದವರು ಇದನ್ನು ಸರಿದೂಗಿಸುವ ಸೂತ್ರಗಳನ್ನು ಆಮೇಲೆ ಕಟ್ಟಿಕೊಂಡರು. ಯಂತ್ರ ಇಂದು ಕ್ಷಣದಲ್ಲಿ ಅಂಕಿ ಹೇಳುತ್ತದೆ. ಆದರೂ ತೊಟ್ಟಿಗೆ ಇನ್ನೆಷ್ಟು ಪುಡಿ ಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು ನುರಿತವನ ಕೈಯಲ್ಲೇ ಇದೆ.

ಬಿಸಿಲಿನ ಪರೀಕ್ಷೆ

ಧ್ವಜದ ಬಣ್ಣ ತಯಾರಾದ ದಿನ ಸರಿಯಿದ್ದರೆ ಸಾಲದು. ಅದರ ಬದುಕೆಲ್ಲ ಬಿಸಿಲು, ಗಾಳಿ, ಮಳೆಯಲ್ಲಿ. ಬಣ್ಣ ಎಷ್ಟು ಬೇಗ ಮಾಸುತ್ತದೆ ಎಂದು ತಿಳಿಯಲು ಜವಳಿ ಪ್ರಯೋಗಾಲಯಗಳಲ್ಲಿ ಒಂದು ಸರಳ ಉಪಾಯವಿದೆ. ಒಂದಕ್ಕಿಂತ ಒಂದು ಗಟ್ಟಿಯಾದ ನೀಲಿ ಬಣ್ಣ ಹಾಕಿದ ಎಂಟು ಉಣ್ಣೆಯ ತುಂಡುಗಳನ್ನು ಪರೀಕ್ಷೆಯ ಬಟ್ಟೆಯ ಜೊತೆಗೇ ಬೆಳಕಿಗೆ ಒಡ್ಡುತ್ತಾರೆ. ಮೊದಲನೆಯದು ಬೇಗ ಮಾಸುತ್ತದೆ, ಎಂಟನೆಯದು ಬಹಳ ದಿನ ತಡೆಯುತ್ತದೆ. ನಮ್ಮ ಬಟ್ಟೆ ಯಾವ ತುಂಡಿನ ಜೊತೆಗೆ ಮಾಸಿತೋ ಅದೇ ಅದರ ಅಂಕ. ತೊಳೆದಾಗ ಎಷ್ಟು ಬಣ್ಣ ಬಿಟ್ಟಿತೆಂದು ತಿಳಿಯಲು ಒಂದರಿಂದ ಐದರವರೆಗಿನ ಬೂದುಬಣ್ಣದ ಪಟ್ಟಿಯೊಂದಿದೆ. ಹೀಗೆ ಮಾಸುವುದನ್ನೂ ಪ್ರಮಾಣವಿಟ್ಟು ಅಳೆಯುತ್ತಾರೆ. ಹರಿದ, ಮಾಸಿ ಅಂದಗೆಟ್ಟ ಧ್ವಜವನ್ನು ಹಾರಿಸಕೂಡದೆಂದು ಧ್ವಜ ಸಂಹಿತೆಯೇ ಹೇಳುವುದರಿಂದ ಇದು ಬರೀ ಅಂದದ ಮಾತಲ್ಲ.

ಹೊಸ ಬಟ್ಟೆ, ಹಳೆಯ ಪ್ರಶ್ನೆ

2002ರ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಖಾದಿಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಇದನ್ನು ತಿದ್ದಿ ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟಿತು. ಮರು ವರ್ಷ 'ಹರ್ ಘರ್ ತಿರಂಗಾ' ಅಭಿಯಾನ ಬಂತು. ಮನೆ ಮನೆಗೂ ಧ್ವಜ ಬೇಕಾಯಿತು. ರಾಟೆ, ಮಗ್ಗಗಳು ಆ ವೇಗಕ್ಕೆ, ಆ ಬೆಲೆಗೆ ಒದಗಿಸುವುದು ಸಾಧ್ಯವಿರಲಿಲ್ಲ. ಬಡವನ ಮನೆಯ ಮೇಲೂ ಬಾವುಟ ಹಾರಲಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಂಗೇರಿಯಲ್ಲಿ ಅದರ ಪರಿಣಾಮ ಬೇರೆಯಾಗಿತ್ತು. ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷದಲ್ಲಿ ಬೇಡಿಕೆ ಹೆಚ್ಚುವುದೆಂದು ಕಾದಿದ್ದ ಸಂಘ ತಿದ್ದುಪಡಿಯನ್ನು ವಿರೋಧಿಸಿ ದನಿಯೆತ್ತಬೇಕಾಯಿತು. ನೂಲುವ, ಹೊಲಿಯುವ ಹೆಂಗಸರ ದಿನಗೂಲಿಯ ಪ್ರಶ್ನೆ ಅದು.

ಬಣ್ಣದ ಪ್ರಶ್ನೆಯೂ ಅದರೊಳಗೇ ಇದೆ. ಪಾಲಿಯೆಸ್ಟರಿಗೆ ಹತ್ತಿಯ ಬಣ್ಣಗಳು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಜಾತಿಯ ಬಣ್ಣಗಳೇ ಬೇಕು, ಹೆಚ್ಚಿನ ಬಿಸಿಯೂ ಬೇಕು. ಅದರ ಮೈ ನುಣುಪು, ಹೊಳಪು ಜಾಸ್ತಿ. ಖಾದಿಯ ಕೇಸರಿಗೆ ಅದನ್ನು ಒಂದು ಬೆಳಕಿನಲ್ಲಿ ಹೊಂದಿಸಿದರೆ ಇನ್ನೊಂದು ಬೆಳಕಿನಲ್ಲಿ ತಪ್ಪುವುದು ಸುಲಭ. ಮ್ಯಾಚಿಂಗ್ ಸೆಂಟರಿನ ಬಾಗಿಲಲ್ಲಿ ಎದುರಾದ ತೊಡಕೇ ಇಲ್ಲಿ ಬೀದಿಗೆ ಬಂದಿದೆ. ಹೊಂದಿಸಲು ಆಗದ್ದೇನಲ್ಲ. ನುರಿತ ಕೈ, ಒಳ್ಳೆಯ ಯಂತ್ರ, ಹೊಂದದ್ದನ್ನು ತೆಗೆದುಹಾಕುವ ಮನಸ್ಸು ಮೂರೂ ಇದ್ದರೆ ಪಾಲಿಯೆಸ್ಟರನ್ನೂ ಪ್ರಮಾಣಕ್ಕೆ ತರಬಹುದು. ಅಗ್ಗದ ಧ್ವಜವನ್ನು ಲಕ್ಷಗಟ್ಟಲೆ ಅಚ್ಚುಹಾಕುವವರಿಗೆ ಈ ಮೂರಕ್ಕೂ ಬಿಡುವಿಲ್ಲ. ಸಂತೆಯಲ್ಲಿ ಮಾರುವ ಬಾವುಟಗಳ ಕೇಸರಿ ಒಂದೊಂದು ಅಂಗಡಿಗೆ ಒಂದೊಂದು ತರ ಇರುವುದು ಇದರಿಂದಲೇ. 1951ರಲ್ಲಿ ಮಾತನ್ನು ಅಂಕಿಯಾಗಿಸಿದವರು ತಪ್ಪಿಸಲು ಹೊರಟಿದ್ದು ಇದನ್ನೇ.

ಅಂಕಿ ಈಗಲೂ ದಿಲ್ಲಿಯ ಕಡತದಲ್ಲಿ ಭದ್ರವಾಗಿದೆ, ಅದು ಮಾಸುವುದಿಲ್ಲ. ಅದನ್ನು ಬಟ್ಟೆಗೆ ಇಳಿಸುವ ಕಸುಬು ಮಾತ್ರ ಕಡತದಲ್ಲಿ ಉಳಿಯುವಂಥದಲ್ಲ. ಗರಗ, ತುಳಸಿಗೇರಿಯ ಮಗ್ಗಗಳು ಆಡುತ್ತಿದ್ದರೆ, ಬೆಂಗೇರಿಯ ತೊಟ್ಟಿಗಳಲ್ಲಿ ಬಣ್ಣ ಕುದಿಯುತ್ತಿದ್ದರೆ ಉಳಿಯುತ್ತದೆ. ಕರೋಶಿಯಂಥ ಊರುಗಳು ಕಂಬಕ್ಕೆ ಏರಿಸುವ ಧ್ವಜ ಎಲ್ಲಿಯದೆಂದು ಕೊಳ್ಳುವಾಗಲೇ ಒಂದು ಮಾತು ಕೇಳಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಆ ಮಗ್ಗಗಳಿಗೆ ಅಷ್ಟರಮಟ್ಟಿಗೆ ಕೆಲಸ ಹೆಚ್ಚೀತು.